ಬೆನ್ನಿಗೊಂದು ಬಂಡೆ

ಬಂದವರಿಗೆ ಹೊಳೆಯಲ್ಲಿ ಮೀನು ಹಿಡಿಸಿಕೊಡುವ ಗಾಳದಜ್ಜನ ಬಾಯಿ ಹೊಳೆಗಿಂತ ಜೋರು. ಅವನ ಕೈತಪ್ಪಿದ ಮೀನು ಬೆಳಿಗ್ಗೆ ಮೊಳದುದ್ದವಿದ್ದರೆ ಮಧ್ಯಾಹ್ನಕ್ಕೆ ದೋಣಿಯಷ್ಟಾಗಿ, ಸಂಜೆಗೆ ಆ ದೋಣಿಯನ್ನೇ ನುಂಗಿರುತ್ತದೆ. ಎಲ್ಲರನ್ನೂ ಆಳದ ಮಡುವಿನ ಬಳಿ ಕೂರಿಸುವ ಅಜ್ಜ, ರಜೆಗೆ ಬಂದ ಸೈನಿಕರನ್ನು ಮಾತ್ರ ದೊಡ್ಡ ಬಂಡೆಗೆ ಒರಗಿಸುತ್ತಾನೆ. ಒಮ್ಮೆ ಬಂದ ಸೈನಿಕನೊಬ್ಬ ಕೂರುವ ಮುಂಚೆಯೇ ನಾಲ್ಕು ಸಲ ಹಿಂದೆ ತಿರುಗಿ ನೋಡಿ, "ಇಲ್ಲಿ ಮೀನಿದ್ಯಾ ಅಜ್ಜ?" ಎಂದ. "ಮೀನು ಕಮ್ಮಿ ಕಣೋ ಮಗಾ. ಆದ್ರೆ ಹಿಂದಿಂದ ಯಾರೂ ಬರೋಕಾಗಲ್ಲ. ಮುಂದೆ ನಾನಿದೀನಲ್ಲ!" ಊರಿಗೆ ಬಂದು ಹತ್ತು ದಿನವಾದರೂ ಸರಿಯಾಗಿ ಕಣ್ಣು ಮುಚ್ಚದಿದ್ದ ಸೈನಿಕ ಅಲ್ಲೇ ನಿದ್ದೆಹೋದ. ಆಗಲೇ ಅವನ ಪಕ್ಕದಲ್ಲಿದ್ದ ಗಾಳದ ಕೋಲು ಬಿಲ್ಲಿನಂತೆ ಬಾಗಿತು; ಈ ಸಲ ನಿಜವಾಗಿಯೂ ಭಾರಿ ಮೀನು. ಅಜ್ಜ ಸದ್ದಾಗದಂತೆ ದಾರ ಕತ್ತರಿಸಿದ. ಆ ಮೀನು ಎಷ್ಟುದ್ದವಿತ್ತೆಂದು ಅವನು ಇವತ್ತಿಗೂ ಯಾರಿಗೂ ಹೇಳಿಲ್ಲ.