ಎಮ್ಮೆಯ ಚಿತ್ರದ ಪಕ್ಕದ ಕುರ್ಚಿ

ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ ನಾನು ಚಿತ್ತಾಪುರದ ತಹಶೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾಡಿಯಲ್ಲಿ ರೈಲು ಬದಲಿಸಿ, ಪ್ಲಾಸ್ಟರ್ ತೋರಿಸಲು ಶಹಾಬಾದಿನ ಆಸ್ಪತ್ರೆಗೆ ಹೋದರೆ ಡಾಕ್ಟರು ಮಧ್ಯಾಹ್ನದ ಮೇಲೆ ಬರುತ್ತಾರೆಂದರು. ಹೊರಗೆ ಸುಡುಬಿಸಿಲು. ಎದುರಿನ ಶಾಲೆಯ ಹಾಲಿನಲ್ಲಿ ಅಂಗವಿಕಲ ಕಲಾವಿದರ ಚಿತ್ರಪ್ರದರ್ಶನವೆಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ಒಳಗೆ ಫ್ಯಾನು ತಿರುಗುತ್ತಿತ್ತು. ನಿಜ ಹೇಳಬೇಕೆಂದರೆ, ನಾನು ಹೋದದ್ದು ಫ್ಯಾನಿಗಾಗಿ.

ಊರುಗೋಲು ಕುಟ್ಟುತ್ತ ಹೊಸ್ತಿಲು ದಾಟಿದ್ದೇ ತಡ, ಆ ಶಾಲೆಯ ಡ್ರಿಲ್ ಮಾಸ್ತರರು ಓಡಿಬಂದರು.

"ಬರ್ರಿ ಸರ್, ಬರ್ರಿ! ನಿಮ್ಮ ದಾರೀನೇ ನೋಡಲಿಕತ್ತಿದ್ದಿವಿ. ಎಲ್ಲಾರೂ ಬಂದಾರ, ಎಮ್ಮಿ ಚಿತ್ರದವ್ರು ಒಬ್ರೇ ಬಾಕಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಅಂಗಿಗೆ ರಿಬ್ಬನ್ನಿನ ಹೂ ಚುಚ್ಚಿ, ದೊಡ್ಡದೊಂದು ಎಮ್ಮೆಯ ಚಿತ್ರದ ಪಕ್ಕ ಕುರ್ಚಿಯಲ್ಲಿ ಕೂಡಿಸಿ, ಮುಖ್ಯ ಅತಿಥಿಗಳನ್ನು ಕರೆತರಲು ಹೋಗಿಬಿಟ್ಟರು.

ಮುದುಕಿಯೊಬ್ಬಳು ಬಂದು ಎಮ್ಮೆಯನ್ನೊಮ್ಮೆ, ನನ್ನ ಪ್ಲಾಸ್ಟರನ್ನೊಮ್ಮೆ ನೋಡಿದಳು.

"ಭಾಳ ಛಂದ ತಗದೀಯಪ್ಪಾ. ಕಾಲಿಂದೇ ತಗದಿಯೇನು?"

"ಕಾಲು ಮುರದದವ್ವಾ."

"ಮುರದ ಕಾಲಿಂದ ತಗದಾನಂತ!" ಎಂದು ಆಕೆ ಹಾಲಿಗೆಲ್ಲ ಕೇಳುವಂತೆ ಕೂಗಿದಳು. ಜನ ಮುತ್ತಿಕೊಂಡರು. ನಾನು ಬೆವರತೊಡಗಿದೆ.

ಗುಂಪು ಕರಗಿದ ಮೇಲೂ ಒಬ್ಬ ಹೆಂಗಸು ಅಲ್ಲೇ ನಿಂತಿದ್ದಳು. ಮೂವತ್ತರ ಆಸುಪಾಸು, ಎರಡೂ ಕೈ ಶಾಲಿನೊಳಗೆ.

"ಈ ಎಮ್ಮಿ ಯಾಕ ನಗಲಿಕತ್ತದರಿ?" ಎಂದು ಕೇಳಿದಳು.

"ಹುಲ್ಲು ಹಾಕ್ಯಾರಲ್ಲಾ, ಖುಷಿಗೆ," ಎಂದೆ.

"ಅದು ನಗಲಿಕತ್ತಿಲ್ಲ. ಅದರ ಮಾರಿನೇ ಹಂಗದ. ನಮ್ಮ ಮನಿ ಎಮ್ಮಿ ನನಗ ಗೊತ್ತಿಲ್ಲೇನು?"

ಆಕೆ ಶಾಲು ಸ್ವಲ್ಪ ಸರಿಸಿದಳು. ಎರಡೂ ಕೈಗೆ ಬೆರಳಿರಲಿಲ್ಲ. ನಾಚಿಕೆಯಿಂದ ಏಳಲು ಹೋಗಿ ಊರುಗೋಲು ಬೀಳಿಸಿದೆ.

"ಕುಂದ್ರಿ, ಕುಂದ್ರಿ. ಹೋದ ಸಲ ಬ್ಯಾರೆ ಊರಾಗ ನಾ ಕುಂತಿದ್ದೆ. ಬಂದವರೆಲ್ಲಾ ನನ್ನ ಕೈ ನೋಡಿ ಹ್ವಾದರು, ಚಿತ್ರ ಒಬ್ರೂ ನೋಡಲಿಲ್ಲ. ಇವತ್ತು ನಿಮ್ಮ ಕಾಲು ನೋಡಲಿ. ಜನ ಏನಂತಾರ ನಾ ಕೇಳ್ತೀನಿ."

ತಾಸು ಹೊತ್ತು ಆಕೆ ಜನರ ನಡುವೆ ನಿಂತು ಕೇಳಿದಳು. ಎಮ್ಮೆಯ ಕೊಂಬು ಸೊಟ್ಟ ಎಂದವನೊಬ್ಬನ ಜೊತೆ ಜಗಳಕ್ಕೇ ನಿಂತಳು. ನಾನು ತಪ್ಪಿತಸ್ಥನಂತೆ ತಲೆ ತಗ್ಗಿಸಿ ಕುಳಿತೆ.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದು ನನಗೆ ಹಾರ ಹಾಕಿ, ನನ್ನ ಛಲದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೊನೆಗೆ, "ಈಗ ಇವರು ನಮ್ಮ ಮುಂದನೇ ಒಂದು ಚಿತ್ರ ತಗೀತಾರ," ಎಂದುಬಿಟ್ಟರು.

ಬೋರ್ಡಿಗೆ ಹಾಳೆ ಅಂಟಿಸಿ ನನ್ನ ಕೈಗೆ ಇದ್ದಿಲು ಕೊಟ್ಟರು. ಆಕೆಯತ್ತ ನೋಡಿದರೆ ಶಾಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದೇವರ ಮೇಲೆ ಭಾರ ಹಾಕಿ ಎಮ್ಮೆ ಬರೆಯಲು ಹೋದೆ. ಮೂಡಿದ್ದು ನಾಲ್ಕು ಕಾಲಿನ ತಗಡಿನ ಟ್ರಂಕು. ಜನ ಚಪ್ಪಾಳೆಯ ಸುರಿಮಳೆಗರೆದರು. ಮುದುಕಿ ಕಣ್ಣೊರೆಸಿಕೊಂಡಳು.

ಆ ಚಪ್ಪಾಳೆ ಶಾಲಿನ ಹೆಂಗಸಿಗೆ ತಡೆಯಲಾಗಲಿಲ್ಲ.

"ಅದೇನು ಎಮ್ಮಿ ಏನ್ರಿ? ತರ್ರಿ ಇಲ್ಲಿ!" ಎನ್ನುತ್ತ ಮುಂದೆ ಬಂದು, ಶಾಲು ಒಗೆದು, ಎರಡು ಮುಂಗೈಗಳ ನಡುವೆ ಇದ್ದಿಲು ಹಿಡಿದಳು. ನನ್ನ ಚಿತ್ರದ ಮೇಲೆಯೇ ನಾಲ್ಕು ಗೆರೆಯಲ್ಲಿ ಬೆನ್ನು ಮೂಡಿತು, ಕೊಂಬು ಬಾಗಿತು, ಟ್ರಂಕು ಮೆಲುಕು ಹಾಕತೊಡಗಿತು.

ಎಲ್ಲರೂ ಹಾಳೆಯನ್ನೇ ನೋಡುತ್ತಿದ್ದರು.

"ಹಂಗಾದ್ರ ಇವರು ಯಾರು?" ಮುಖ್ಯ ಅತಿಥಿಗಳು ನನ್ನತ್ತ ಬೆರಳು ಮಾಡಿದರು. ಡ್ರಿಲ್ ಮಾಸ್ತರರ ಮುಖ ಬಿಳುಚಿತು.

ಆಕೆ ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮ ಶಿಷ್ಯರು. ಈಗ ಕಲೀಲಿಕತ್ತಾರ."

ಹಾರ ತೆಗೆದು ಆಕೆಗೆ ಕೊಟ್ಟೆ. ಆಕೆ ಆ ಹಾಳೆಯನ್ನು ಸುರುಳಿ ಮಾಡಿಸಿ ನನಗೆ ಕೊಟ್ಟಳು. ಮನೆಗೆ ತಂದು ಹೆಂಡತಿಗೆ ನಡೆದದ್ದೇನೂ ಹೇಳದೆ ತೋರಿಸಿದೆ. ಬಹಳ ಹೊತ್ತು ನೋಡಿ ಆಕೆ ಕೇಳಿದಳು:

"ಎಮ್ಮಿ ಭಾಳ ಛಂದದ. ಹಿಂದಿನ ಕಾಲು ಯಾರು ಕೆಡಿಸ್ಯಾರ?"