ಯಾರ ಲೆಕ್ಕಕ್ಕೂ ಬಾರದ ತಿಂಗಳು

ನಾನು ಬಿ.ಎ. ಮಾಡುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. “ಹೂ ಕಟ್ಟೋರ ಮನೆ ಹುಡುಗಿ, ಬೆರಳು ಬಾಳೆನಾರಿಗೇ ಹುಟ್ಟಿದ್ದು” ಎಂದು ಎಲ್ಲರೆದುರು ನಕ್ಕಿದ್ದರು. ಮೊನ್ನೆ ಎದುರು ಮನೆಯಿಂದ ಕಜ್ಜಾಯ ಕರಿಯುವ ವಾಸನೆ ಬಂತು. ಅಧಿಕ ಮಾಸ, ಅಳಿಯನಿಗೆ ಕೊಡಲು ಮಾಡುತ್ತಿದ್ದಾರೆ ಎಂದು ಕೆಲಸದವಳು ಹೇಳಿದಳು. ದೊಡ್ಡಪ್ಪನ ಮಾತು ನೆನಪಾಯಿತು, ಅದರ ಹಿಂದೆಯೇ ಪಕ್ಕದ ಮನೆಯ ಅಜ್ಜಿ...

ಆಗ ನಾವು ಹಲಸೂರಿನ ವಠಾರವೊಂದರಲ್ಲಿದ್ದೆವು. ಅಪ್ಪ ದಂಡು ಪ್ರದೇಶದ ಬಂಗಲೆಯೊಂದರಲ್ಲಿ ಮಾಲಿ. ಅಮ್ಮ ಶಿವಾಜಿನಗರದ ಮಾರುಕಟ್ಟೆಯಲ್ಲಿ ಹೂ ಮಾರುತ್ತಿದ್ದಳು. ಗೋಡೆಯಾಚೆ ಅಜ್ಜಿಯ ದೊಡ್ಡ ಮಗನ ಸಂಸಾರ. ಚಿಕ್ಕ ಮಗ ಕೃಷ್ಣರಾಜಪುರದಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಅಜ್ಜಿಯ ಗಂಡ ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಹಿರಿಯರ ಮುಂದೆ ಕೂತು ತಾಯಿಗೆ ತಿಂಗಳ ಸರದಿ ಹಾಕಿದ್ದರು. ಚೈತ್ರ ದೊಡ್ಡವನದು, ವೈಶಾಖ ಚಿಕ್ಕವನದು, ಹೀಗೇ ಫಾಲ್ಗುಣದವರೆಗೆ. ಪಂಚಾಂಗದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ ಎಂಬುದು ಆ ಹಿರಿಯರಿಗೂ ಹೊಳೆದಿರಲಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರದ ವರ್ಷ, ಫಾಲ್ಗುಣದ ಅಮಾವಾಸ್ಯೆ. ಚಿಕ್ಕ ಮಗ ಜಟಕಾದಲ್ಲಿ ತಾಯಿಯನ್ನು ಕರೆತಂದು ಟ್ರಂಕನ್ನು ಅಣ್ಣನ ಜಗಲಿಯ ಮೇಲಿಟ್ಟ. ಅಣ್ಣ ಬಾಗಿಲಿಗೇ ಅಡ್ಡ ನಿಂತಿದ್ದ.

“ನಾಳೆಯಿಂದ ಅಧಿಕ ಮಾಸ ಕಣೋ. ನಾನು ಒಪ್ಪಿದ್ದು ಚೈತ್ರಕ್ಕೆ. ನಿಜ ಚೈತ್ರ ಬರ್ಲಿ, ನಾನೇ ಇಟ್ಕೋತೀನಿ.”

“ಅಧಿಕವೋ ನಿಜವೋ, ಹೆಸರು ಚೈತ್ರ ತಾನೆ? ಚೈತ್ರ ನಿಂದು.”

“ರೇಷನ್ ಅಕ್ಕೀಲಿ ನಮಗೇ ಸಾಲ್ತಿಲ್ಲ.”

“ನಮ್ಮನೇಲೇನು ಕಣಜ ತುಂಬಿದ್ಯಾ?”

ಚಿಕ್ಕವನು ಜಟಕಾ ಹತ್ತಿ ಹೊರಟೇಬಿಟ್ಟ. ದೊಡ್ಡವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಜ್ಜಿ ಅಳಲಿಲ್ಲ. ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ರಸ್ತೆಯಲ್ಲಿ ಹೋಗುವ ಮಿಲಿಟರಿ ಲಾರಿಗಳನ್ನು ನೋಡುತ್ತ ಕೂತರು. ಅಮ್ಮ ಮಾರುಕಟ್ಟೆಯಿಂದ ಬಂದವಳು ಬುಟ್ಟಿ ಇಳಿಸಿ, ಟ್ರಂಕನ್ನು ಎತ್ತಿ ನಮ್ಮ ಮನೆಯೊಳಗಿಟ್ಟಳು. “ಬನ್ನಿ ಅಜ್ಜಿ, ಮುದ್ದೆ ಆರೋಗತ್ತೆ” ಎಂದಳು.

ಅದೇ ತಿಂಗಳು ನನ್ನ ಬಿ.ಎ. ಕೊನೆಯ ಪರೀಕ್ಷೆ. ಸೀಮೆಎಣ್ಣೆ ಸಿಗದ ಕಾಲ, ಓದುವುದಿದ್ದರೆ ಹಗಲಲ್ಲೇ ಓದಬೇಕು. ಮಲ್ಲಿಗೆ ಸುರಿಯುವ ಕಾಲವೂ ಅದೇ, ಕಟ್ಟುವುದೂ ಹಗಲಲ್ಲೇ. ನಾನು ಕಟ್ಟದಿದ್ದರೆ ಅಮ್ಮನ ಬುಟ್ಟಿ ತುಂಬದು. ಎರಡು ದಿನ ನನ್ನ ಪಾಡು ನೋಡಿದ ಅಜ್ಜಿ ಮೂರನೆಯ ದಿನ ನನ್ನ ಮುಂದಿನ ಮೊಗ್ಗಿನ ರಾಶಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ನೀನು ಓದ್ಕೋ ಕಣಮ್ಮಿ. ಇದಕ್ಕೆ ಕಣ್ಣು ಬೇಡ, ಕೈ ಸಾಕು.”

ಮೊದಮೊದಲು ಅವರ ಮಾಲೆ ಸಡಿಲ, ಮಾರುಕಟ್ಟೆ ತಲುಪುವಷ್ಟರಲ್ಲಿ ಉದುರುತ್ತಿತ್ತು. ಅಮ್ಮ ಬೈದಳು, ಅಜ್ಜಿ ತಿದ್ದಿಕೊಂಡರು. ಹಾಗೆ ಬೈಸಿಕೊಂಡ ದಿನ ಅವರ ಮುಖದಲ್ಲಿ ಒಂದು ಗೆಲುವಿತ್ತು. ಇಬ್ಬರು ಸೊಸೆಯರ ಮನೆಯಲ್ಲೂ ಅವರಿಗೆ ಸಿಗುತ್ತಿದ್ದುದು ಒಂದೇ ಮಾತು: ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ. ಕೇಳಲು ಗೌರವದ ಮಾತು. ವಯಸ್ಸಾದವರನ್ನು ಮನೆಯ ಲೆಕ್ಕದಿಂದ ತೆಗೆದುಹಾಕುವುದೂ ಆ ಮಾತಿನಿಂದಲೇ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ದೊಡ್ಡ ಸೊಸೆ ನಲ್ಲಿಯ ಹತ್ತಿರ ಚುಚ್ಚಿದಳು: “ಗಂಡ ಸತ್ತೋರು ಕಟ್ಟಿದ ಹೂವ ಯಾರು ಮುಡೀತಾರೆ?”

“ಹೂವೇನು ಹೋಗಿ ಹೇಳತ್ತಾ?” ಎಂದಳು ಅಮ್ಮ. “ನೀನು ಹೇಳ್ದೆ ಇದ್ರೆ ಸಾಕು.”

ಪರೀಕ್ಷೆ ಮುಗಿಯಿತು, ತಿಂಗಳೂ ಮುಗಿಯಿತು. ಮಾತಿನಂತೆ ದೊಡ್ಡ ಮಗ ಬಂದ. ಅಜ್ಜಿ ಮೊಗ್ಗುಗಳಿಂದ ತಲೆಯೆತ್ತದೆ, “ಇಲ್ಲೇ ಇರ್ತೀನಲ್ಲಪ್ಪ, ಗೋಡೆ ಆಚೆ ತಾನೆ” ಎಂದರು. ಅಮ್ಮನೂ ಕೇಳಿಕೊಂಡಳು.

“ಇಬ್ಬರು ಗಂಡು ಮಕ್ಕಳನ್ನ ಹೆತ್ತೋಳು ಕಂಡೋರ ಮನೇಲಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ” ಎಂದ. ಅಧಿಕ ಮಾಸವಿಡೀ ಉಗಿಯದ ಜನ! ಅವನು ಆಗಲೇ ಟ್ರಂಕ್ ಎತ್ತಿದ್ದ. ಅಜ್ಜಿ ಕಟ್ಟುತ್ತಿದ್ದ ಮಾಲೆಗೆ ಗಂಟು ಹಾಕಿ, ನಾರಿನ ತುದಿ ಕಿತ್ತು, ಎದ್ದು ಹೋದರು. ಆಮೇಲೆ ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು, ಅಷ್ಟೇ.

ಮುಂದಿನ ವರ್ಷದ ಆಷಾಢದಲ್ಲಿ, ಚಿಕ್ಕ ಮಗನ ಸರದಿಯಲ್ಲಿ, ಅವರು ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಶಾಲೆಯಲ್ಲಿ ಮೇಡಂ ಆದೆ, ನಿವೃತ್ತಳಾದೆ, ಜೀವನ್ ಬಿಮಾ ನಗರದಲ್ಲಿ ಸ್ವಂತ ಮನೆ ಕಟ್ಟಿಸಿದೆ. ಈಗ ನನಗೂ ಅವರ ವಯಸ್ಸು. ಮನೆಗೆ ಬಂದವರು ನನಗೂ ಸುಮ್ಮನೆ ಕೂತ್ಕೊಳ್ಳಿ ಎನ್ನತೊಡಗಿದ್ದಾರೆ. ಅಂಥ ಹೊತ್ತಿನಲ್ಲಿ ಅಜ್ಜಿ ಇರಬೇಕಿತ್ತು ಅನ್ನಿಸುತ್ತದೆ... ಇಬ್ಬರೂ ಸೇರಿ ನಗಬಹುದಿತ್ತು.

ಅವರನ್ನು ಕಡೆಯದಾಗಿ ಕಂಡದ್ದು ಪರೀಕ್ಷೆಯಾದ ವರ್ಷದ ಕಾರ್ತಿಕದಲ್ಲಿ, ನಾನು ಶಾಲೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗುವ ಮುಂಚೆ. ಮೈಸೂರಿನಿಂದ ಪದವಿಪತ್ರ ಹಿಡಿದು ಬಂದವಳು ಅಮ್ಮನ ಜೊತೆ ನೇರ ಕೃಷ್ಣರಾಜಪುರಕ್ಕೆ ಹೋದೆ. ಅಜ್ಜಿ ಅಂಗಡಿಯ ಹಿಂದಿನ ಜಗಲಿಯಲ್ಲಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಗದವನ್ನು ಅವರ ಕೈಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದರು, ಅಂಚಿನುದ್ದಕ್ಕೂ ಬೆರಳಾಡಿಸಿದರು.

ಅಮ್ಮ, “ಆಶೀರ್ವಾದ ಮಾಡಿ ಅಜ್ಜಿ, ನಿಮ್ಮ ಮೊಮ್ಮಗಳೇ ಇವಳು” ಎಂದಳು.

ಅಜ್ಜಿ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಇದು ಕೈಲಿದ್ರೆ ನಿಂಗೆ ಯಾರೂ ಸರದಿ ಹಾಕಕ್ಕಾಗಲ್ಲ, ಅಲ್ವಾ ಕಣಮ್ಮಿ?”