ಮತಪೆಟ್ಟಿಗೆಯವರೆಗೆ ಲಾಂಚ್ ಓಡಿಸಿದ ಬಾದುಶಾ

ಒಮಾನಿನ ಸಲಾಲಾ ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಾದುಶಾ ಲಾಂಚಿನ ಎಂಜಿನ್ ಮುಚ್ಚಳ ತೆರೆದು ಎಣ್ಣೆ ನೋಡುತ್ತಾರೆ. ಹೊರಗೆ ಲಂಗರು ಹಾಕಿದ ಹಡಗುಗಳಿಗೆ ತರಕಾರಿ, ಕುಡಿಯುವ ನೀರು, ನಾವಿಕರನ್ನು ಮುಟ್ಟಿಸುವುದು ಅವರ ಕೆಲಸ. ಮಂಗಳೂರಿನ ಬೆಂಗರೆಯಲ್ಲಿ ಮೀನಿನ ದೋಣಿಯಲ್ಲೇ ಬೆಳೆದವರು, ಮೀಸೆ ಚಿಗುರುವ ವಯಸ್ಸಿಗೆ ಇಲ್ಲಿಗೆ ಬಂದರು. ಹೆತ್ತ ಉಮ್ಮ ತೀರಿಕೊಂಡಾಗ ಊರಿಗೆ ಹೋಗಲಾಗಲಿಲ್ಲ.

"ನನ್ನ ಬಗ್ಗೆ ಬರೆಯಲಿಕ್ಕೆ ಎಂತ ಉಂಟು ಸಾರ್? ಹೋಗುವುದು, ಬರುವುದು," ಎನ್ನುತ್ತಾರೆ.

ಒತ್ತಾಯಿಸಿದರೆ ೧೯೮೯ರ ಜೂನ್ ನಾಲ್ಕರ ಮಾತು ತೆಗೆಯುತ್ತಾರೆ.

ಪೋಲೆಂಡಿನ ಹಡಗೊಂದು ಹೊರಗೆ ನಿಂತಿತ್ತು. ಅದರ ವೆಲ್ಡರ್ ವಿತೋಲ್ಡ್ ಸುಟ್ಟ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕಡಲು ಎದ್ದಿತ್ತು. ಲಾಂಚ್‌ಗಳೆಲ್ಲ ನಿಂತಿದ್ದವು. "ಖಲಾಸ್, ಇವತ್ತು ಬೋಟ್ ಇಲ್ಲ. ವಿಮಾನ ಹತ್ತಿ ಮುಂದಿನ ಬಂದರಲ್ಲಿ ಹಡಗು ಸೇರಲಿ," ಎಂದುಬಿಟ್ಟರು ಜೆಟ್ಟಿಯ ಮೇಲ್ವಿಚಾರಕ ಮಹಮೂದ್. ಅಷ್ಟು ದೊಡ್ಡ ಆಳು ವಿತೋಲ್ಡ್ ಜೆಟ್ಟಿಯ ಮೇಲೆ ಕುಸಿದು ಕುಳಿತು ಅತ್ತ. ಬಾದುಶಾ ಚಹಾ ತಂದುಕೊಟ್ಟರು. ಹರಕು ಇಂಗ್ಲಿಷಿನಲ್ಲಿ ಅವನು ಹೇಳಿದ್ದು ಅವರಿಗೆ ಇಂದಿಗೂ ನೆನಪಿದೆ.

"ಅವನು ಹಡಗು ಕಟ್ಟುವ ಯಾರ್ಡಿನಲ್ಲಿ ಇದ್ದವನು. ಕ್ರೇನ್ ನಡೆಸುವ ಒಬ್ಬ ಹೆಂಗಸನ್ನು ಕೆಲಸದಿಂದ ತೆಗೆದರಂತೆ. ಇವರೆಲ್ಲ ಕೆಲಸ ಬಿಟ್ಟು ಗೇಟು ಹಾಕಿ ಒಳಗೇ ಕೂತರಂತೆ. ಕಾರ್ಮಿಕರದ್ದೇ ಸರ್ಕಾರ ಅಂತ ಹೇಳುವವರು, ಕಾರ್ಮಿಕರೇ ಕೈಕಟ್ಟಿ ಕೂತರೆ ಮುಖ ಎಲ್ಲಿ ಇಡುವುದು ಸಾರ್?"

ಅದು ೧೯೮೦ರಲ್ಲಿ. ಕಮ್ಯುನಿಸ್ಟ್ ಸರ್ಕಾರ ಮೊದಲು ಬಗ್ಗಿ, ಕಾರ್ಮಿಕರ ಸ್ವತಂತ್ರ ಸಂಘಕ್ಕೆ ಒಪ್ಪಿತು. ಮರುವರ್ಷ ಸೈನ್ಯ ಇಳಿಸಿ ಸಂಘವನ್ನು ಹತ್ತಿಕ್ಕಿತು. ವಿತೋಲ್ಡನ ಅಣ್ಣನೂ ಜೈಲು ಸೇರಿದ. ವರ್ಷಗಳ ನಂತರ ಬೆಲೆ ಏರಿದಾಗ ಗಣಿಗಳೂ ಯಾರ್ಡುಗಳೂ ಮತ್ತೆ ನಿಂತವು. ಕೊನೆಗೆ ಜೈಲಿಗೆ ಹಾಕಿದವರನ್ನೇ ಮಾತುಕತೆಗೆ ಕರೆದು ಚುನಾವಣೆಗೆ ಒಪ್ಪಬೇಕಾಯಿತು. ಎಲ್ಲ ಸೀಟುಗಳಿಗಲ್ಲದಿದ್ದರೂ, ಜನ ತಮಗೆ ಬೇಕಾದವರನ್ನು ಆರಿಸಬಹುದಿತ್ತು. ಮತದಾನ ಅಂದೇ; ಕಡಲಲ್ಲಿರುವ ನಾವಿಕರಿಗಾಗಿ ಇಟ್ಟ ಪೆಟ್ಟಿಗೆ ಇದ್ದದ್ದು ಹಡಗಿನಲ್ಲೇ.

ಬಾದುಶಾ ಅವನನ್ನು ಲಾಂಚಿಗೆ ಹತ್ತಿಸಿಕೊಂಡು ಹಗ್ಗ ಬಿಚ್ಚಿದರು. ಮಹಮೂದ್ ಕೂಗುತ್ತಲೇ ಇದ್ದರು.

"ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಹೆಂಡತಿ ನಫೀಸತ್ ಬಸುರಿ. ಪ್ರತೀ ಅಲೆಗೂ ದುವಾ ಮಾಡಿದೆ."

ಹಡಗಿನ ಹಗ್ಗದ ಏಣಿ ಹತ್ತಲು ವಿತೋಲ್ಡನ ಸುಟ್ಟ ಕೈ ಒಪ್ಪಲಿಲ್ಲ. ಬಾದುಶಾ ಅವನ ಸೊಂಟಕ್ಕೆ ಹಗ್ಗ ಬಿಗಿದರು; ಮೇಲಿನವರು ಎಳೆದುಕೊಂಡರು. ಅಷ್ಟರಲ್ಲಿ ಅಲೆಯೊಂದು ಲಾಂಚನ್ನು ಹಡಗಿಗೆ ಅಪ್ಪಳಿಸಿತು, ಪಕ್ಕದ ಹಲಗೆ ಸೀಳಿತು. ನೀರು ತೋಡಿ ಹಾಕುತ್ತಾ, ಹೇಗೋ ದಡ ಸೇರಿದರು.

ಇದಕ್ಕೆ ಶಿಕ್ಷೆಯಾಗಿ ಬಾದುಶಾರನ್ನು ಮಹಮೂದ್ ಲಾಂಚಿನ ಕೆಲಸದಿಂದ ಇಳಿಸಿದರು. ಮಳೆಗಾಲವಿಡೀ ದೋಣಿಗಳ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದೇ ಕೆಲಸವಾಯಿತು. ಬೆರಳ ತುದಿಗಳೆಲ್ಲ ಒಡೆದವು. ಒಂದು ದಿನ ಮಹಮೂದ್ ತಾವೇ ಪಕ್ಕದಲ್ಲಿ ಬಂದು ಕುಳಿತರು. "ರೇಡಿಯೋದಲ್ಲಿ ಹೇಳಿದರು. ನಿನ್ನ ವೆಲ್ಡರನ ಕಡೆಯವರೇ ಗೆದ್ದು ಸರ್ಕಾರ ಮಾಡಿದ್ದಾರೆ. ಯಲ್ಲಾ, ನಾಳೆಯಿಂದ ಲಾಂಚ್ ಹತ್ತು."

ವಿತೋಲ್ಡ್ ಮತ್ತೆ ಈ ಕಡೆ ಬಂದಿಲ್ಲ.

ಊರಲ್ಲೀಗ ಲೋಕಸಭೆ ಚುನಾವಣೆ ಹತ್ತಿರವಾಗಿದೆ. "ಈ ಸಲದ ರಜೆ ಓಟಿನ ಹೊತ್ತಿಗೇ ಬೇಕು ಅಂತ ನಮ್ಮ ಧಣಿ ಕಫೀಲ್ ಹತ್ತಿರ ಕೇಳಿದ್ದೇನೆ," ಎನ್ನುತ್ತಾರೆ ಬಾದುಶಾ, ಸ್ವಲ್ಪ ನಾಚಿಕೊಂಡೇ. "ನಾನು ಇಷ್ಟು ವರ್ಷದಲ್ಲಿ ಒಂದು ಓಟೂ ಹಾಕಿದವನಲ್ಲ, ಸಾರ್."